ವಿಜಾಪುರದ ರಾಜ್ಯವೂ ಅರಕೇರಿಯ ಒಕ್ಕಲಿಗನೂ

ಒಂದು ದೇಶದ ಪರಿಚಯವನ್ನು ಮಾಡಿಕೊಡುವ ಗ್ರಂಥಗಳನ್ನು ನಮ್ಮ ವಾಚಕರೆಲ್ಲರೂ ಕಂಡಿರುವರು. ಅವುಗಳಲ್ಲಿ ಮೊದಲು ಆ ದೇಶದ ರಾಜ್ಯಪದ್ಧತಿ, ಅನಂತರ ಅದರ ಉತ್ಪನ್ನ ಮತ್ತು ವ್ಯಾಪಾರ, ಕಟ್ಟಕಡೆಗೆ, ಹಾಳೆಗಳು ಉಳಿದಿದ್ದರೆ, ಅದರ ಸಂಸ್ಕೃತಿ. ಹೀಗೆ ಮೂರು ಪ್ರಕರಣಗಳು ಒಂದರ ಮಗ್ಗುಲಲ್ಲೊಂದು ಕುಳಿತಿರುವವು. ಶಾಲೆಯ ಹುಡುಗರಿಗೂ ಪರೀಕ್ಷೆಗೆ ಕೂಡ್ರುವ ಉಮೇದುವಾರರಿಗೂ ಈ ಕ್ರಮವು ಅನುಕೂಲವಾದದ್ದೇ ಸರಿ. ಆದರೆ ಈ ಮೂರರ ನಡುವೆ ಗೋಡೆಗಳನ್ನೆಬ್ಬಿಸಿದ ಕೂಡಲೆ ಮುಖ್ಯವಾದ ಪ್ರಶ್ನೆಯೊಂದು ಮರೆಯಾಗಿ ಹೋಗುವದು. ರಾಜ್ಯವು ಯಾರಿಂದ ತೆಗೆದುಕೊಂಡಿತು, ಯಾರಿಗೆ ಕೊಟ್ಟಿತು, ಕೊಟ್ಟದ್ದರ ಲೆಕ್ಕವನ್ನು ಯಾವ ಭಾಷೆಯಲ್ಲಿ ಬರೆಯಿತು ಎಂಬದೇ ಆ ಪ್ರಶ್ನೆ. ಇದನ್ನು ಕೇಳುವದಕ್ಕಾಗಿ ನಾವು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಒಂದು ಕಾಲಕ್ಕೆ ತಾನೇ ಒಂದು ದೇಶವಾಗಿದ್ದು, ಇಂದು ನಮ್ಮ ರಾಜ್ಯದ ಒಂದು ಜಿಲ್ಹೆಯಾಗಿರುವ ವಿಜಾಪುರದ ಸೀಮೆಯೇ ಇದಕ್ಕೆ ಸಾಕು. ೨೦೧೪ನೆಯ ಇಸವಿಯ ನವೆಂಬರ ೧ರಿಂದ ಸರಕಾರದ ದಫ್ತರದಲ್ಲಿ ಅದರ ಹೆಸರು ವಿಜಯಪುರವೆಂದಾಗಿದೆ. ಹಳೆಯ ಸಂಗತಿಗಳನ್ನು ಹೇಳುವಲ್ಲಿ ಹಳೆಯ ಹೆಸರನ್ನೇ ಬಳಸಿದರೆ ವಾಚಕರು ತಪ್ಪು ತಿಳಿಯಲಿಕ್ಕಿಲ್ಲ.

ಈ ಸೀಮೆಯನ್ನು ನೋಡಬಂದವರು ಗೋಲಗುಮ್ಮಟದ ಮೇಲೇರಿ ನಿಂತು ಸುತ್ತಲೂ ಕಣ್ಣುಹಾಯಿಸುವದು ವಾಡಿಕೆ. ನಾವು ಅದನ್ನು ಬಿಟ್ಟು ಅರಕೇರಿಯಿಂದ ನೋಡುವೆವು. ವಿಜಯಪುರ, ತಿಕೋಟಾ, ಬಬಲೇಶ್ವರ ಈ ಭಾಗದೊಳಗಿನ ಈ ಗ್ರಾಮವು ಅಮೋಘಸಿದ್ಧನ ಗುಡಿಯಿಂದ ಹೆಸರುಗೊಂಡದ್ದು. ಹಾಲುಮತದ ಭಕ್ತರು ಅಲ್ಲಿಗೆ ನಮ್ಮ ಜಿಲ್ಹೆಯಿಂದಷ್ಟೇ ಅಲ್ಲ, ಗಡಿಯಾಚೆಯ ಊರುಗಳಿಂದಲೂ ಡೊಳ್ಳು ಬಾರಿಸುತ್ತ ಬರುವರು. ಗುಮ್ಮಟದ ಮೇಲಿಂದ ಕಾಣುವದು ರಾಜಧಾನಿ. ಅರಕೇರಿಯಂಥ ಊರಿನಿಂದ ಕಾಣುವದು ಆ ರಾಜಧಾನಿಯನ್ನು ಸಾಕಿದ ನೆಲ.

ಆದಿಲಶಾಹಿಯು ೧೪೯೦ರ ಸುಮಾರಿಗೆ ಯೂಸುಫ ಆದಿಲಖಾನನಿಂದ ಮೊದಲಾಗಿ, ೧೬೮೬ರಲ್ಲಿ ಔರಂಗಜೇಬನ ಸೈನ್ಯಕ್ಕೆ ಸಿಕಂದರನು ಶರಣುಬಂದಲ್ಲಿಗೆ ಮುಗಿಯಿತು. ಸುಮಾರು ಎರಡು ನೂರು ವರುಷಗಳ ಈ ರಾಜ್ಯದ ಕಾರಭಾರವು ಕೇವಲ ಖಡ್ಗದಿಂದ ನಡೆದದ್ದೆಂದು ತಿಳಿಯುವವರು ಅದರ ದಫ್ತರವನ್ನು ಮರೆಯುವರು. ೧೫೩೪ರಿಂದ ೧೫೫೮ರ ವರೆಗೆ ಆಳಿದ ಮೊದಲನೆಯ ಇಬ್ರಾಹಿಮನು ಕಂದಾಯದ ಲೆಕ್ಕಪತ್ರಗಳಲ್ಲಿ ಫಾರಸಿಯನ್ನು ಬಿಡಿಸಿ, ದೇಶಭಾಷೆಯನ್ನು ತಂದು, ಆ ಕೆಲಸಕ್ಕೆ ಇಲ್ಲಿಯ ಬ್ರಾಹ್ಮಣ ಕಾರಕೂನರನ್ನು ನಿಯಮಿಸಿದನೆಂದು ಫೆರಿಸ್ತಾನು ಬರೆದಿರುವನು. ಇದರ ಹಿಂದೆ ಔದಾರ್ಯಕ್ಕಿಂತ ಅನುಕೂಲವೇ ಹೆಚ್ಚಾಗಿದ್ದಿರಬಹುದು. ದೂರದ ಇರಾಣದಿಂದ ಬಂದ ಸರದಾರನಿಗೆ ಯರಿಭೂಮಿಗೂ ಮಡ್ಡಿಗೂ ಇರುವ ವ್ಯತ್ಯಾಸವು ತಿಳಿಯುವದೆಂತು? ಗೌಡ, ಕುಲಕರ್ಣಿ, ನಾಡಗೌಡ, ದೇಸಾಯಿ ಇವರಿಲ್ಲದೆ ಒಂದು ಹೊನ್ನೂ ರಾಜಧಾನಿಗೆ ಬರುವಂತಿರಲಿಲ್ಲ. ಆದಾಗ್ಯೂ ದಫ್ತರವು ಒಂದು ಮೆಟ್ಟಿಲು ಕೆಳಗಿಳಿಯಿತು. ಪೂರ್ತಿಯಾಗಿ ಇಳಿಯಿತೆಂದು ಮಾತ್ರ ಹೇಳಲಾರೆವು. ಬರವಣಿಗೆಯು ಫಾರಸಿಯಿಂದ ಬಹುಮಟ್ಟಿಗೆ ಮೋಡಿಗೆ ಬಂತು, ಕನ್ನಡ ಒಕ್ಕಲಿಗನಿಗೆ ಅದೂ ಓದಬಾರದ್ದಾಗಿಯೇ ಉಳಿಯಿತು.

ಸಂಪತ್ತಿನ ವಿಷಯದಲ್ಲಿ ಆ ರಾಜಧಾನಿಯನ್ನು ಕಂಡವರ ಬೆರಗಿಗೆ ಪಾರವಿಲ್ಲ. ಅಕಬರ ಬಾದಶಹನ ವಕೀಲನಾಗಿ ಬಂದಿದ್ದ ಅಸದ ಬೇಗನು ಇಲ್ಲಿಯ ಪೇಟೆಯ ರತ್ನದಂಗಡಿ, ಬಟ್ಟೆಯಂಗಡಿ, ಮಿಠಾಯಿಯಂಗಡಿಗಳ ಸಾಲುಗಳನ್ನು ಬಾಯಿತುಂಬ ವರ್ಣಿಸಿ, ಹೋಗುವಾಗ ಇಲ್ಲಿಂದ ತಂಬಾಕನ್ನು ಒಯ್ದು ತನ್ನ ಒಡೆಯನಿಗೆ ಒಪ್ಪಿಸಿದನು. ಮೊಗಲರ ಆಸ್ಥಾನಕ್ಕೆ ಆ ಚಟವನ್ನು ಕಲಿಸಿದ ಕೀರ್ತಿಯು ನಮ್ಮ ಊರಿನದೆಂದು ಹಿಗ್ಗಬೇಕೋ ನಾಚಬೇಕೋ ವಾಚಕರೇ ನಿರ್ಣಯಿಸಲಿ. ೧೫೬೫ರ ರಕ್ಕಸತಂಗಡಗಿಯ ಕಾಳಗದ ತರುವಾಯ ವಿಜಯನಗರದ ಸಂಪತ್ತಿನ ದೊಡ್ಡ ಪಾಲು ಈ ಕಡೆಗೆ ಹರಿದುಬಂತು. ಮೊದಲನೆಯ ಅಲಿಯ ಕಾಲದಲ್ಲಿ ಕೋಟೆಯ ಗೋಡೆ, ಗಗನಮಹಲು, ಜಾಮಿ ಮಸೀದಿಗಳೆದ್ದವು. ಮಹಮ್ಮದನ ಗೋಲಗುಮ್ಮಟದ ಒಳಗಿನ ನೆಲವು ರೋಮಿನ ಪ್ಯಾಂಥಿಯನ್ನಿನ ನೆಲಕ್ಕಿಂತ ವಿಶಾಲವಾದದ್ದೆಂದು ಶಿಲ್ಪಜ್ಞರು ಅಳೆದು ಹೇಳಿರುವರು. ಇವೆಲ್ಲ ಪ್ರವಾಸಿಗರ ಕೈಪಿಡಿಗಳಲ್ಲಿ ಸಿಕ್ಕುವ ಸಂಗತಿಗಳಾದ್ದರಿಂದ ನಾವು ಇಲ್ಲಿ ನಿಲ್ಲುವದಿಲ್ಲ.

ನಿಲ್ಲಬೇಕಾದದ್ದು ನೀರಿನ ಹತ್ತಿರ. ವರುಷಕ್ಕೆ ಇಪ್ಪತ್ತೆರಡು-ಇಪ್ಪತ್ನಾಲ್ಕು ಅಂಗುಲ ಮಳೆಯೂ ನೆಚ್ಚಿಗೆಯಿಲ್ಲದ ಈ ಬಯಲಿನಲ್ಲಿ, ಹತ್ತಿರ ಒಂದು ದೊಡ್ಡ ಹೊಳೆಯೂ ಇಲ್ಲದ ಸ್ಥಳದಲ್ಲಿ, ಲಕ್ಷಗಟ್ಟಲೆ ಜನರು ನೀರು ಕುಡಿದು ಬಾಳಿದರೆಂಬದು ಗುಮ್ಮಟದ ಪಿಸುಮಾತಿಗಿಂತ ದೊಡ್ಡ ಅಚ್ಚರಿ. ಪಡುವಣದ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗವನ್ನು ಕೊರೆದು, ಅಲ್ಲಲ್ಲಿ ಬಾವಿಗಳಂಥ ಕಂಡಿಗಳನ್ನಿಟ್ಟು, ಇಳಿಜಾರಿನ ಒಂದೇ ಬಲದಿಂದ ನೀರನ್ನು ಊರಿಗೆ ತಂದರು. ೧೬೫೧ರಲ್ಲಿ ಊರಿನ ತೆಂಕಣಕ್ಕೆ ಬೇಗಂ ತಲಾಬನ್ನು ಕಟ್ಟಿ, ಮಣ್ಣಿನ ಕೊಳವೆಗಳಿಂದ ಅದರ ನೀರನ್ನು ಮನೆಮನೆಯ ಹತ್ತಿರಕ್ಕೆ ಮುಟ್ಟಿಸಿದರು. ಕೊಳವೆಯು ಒತ್ತಡದಿಂದ ಒಡೆಯಬಾರದೆಂದು ನಡುನಡುವೆ ಗಂಜ ಎಂಬ ಗೋಪುರಗಳನ್ನೆತ್ತಿ ನೀರನ್ನು ಏರಿಸಿ ಇಳಿಸಿದರು. ತಾಜ ಬಾವಡಿ, ಚಾಂದ ಬಾವಡಿಗಳು ಇವಕ್ಕೆ ಕೂಡಿದವು. ಈ ಕೆಲಸಕ್ಕೆ ಬುದ್ಧಿ ಬೇಕು, ಹಣ ಬೇಕು, ಎಲ್ಲಕ್ಕೂ ಹೆಚ್ಚಾಗಿ ವರುಷ ವರುಷವೂ ಹೂಳು ತೆಗೆಯಿಸಿ ಕೊಳವೆಯನ್ನು ನೋಡಿಕೊಳ್ಳುವ ಶಿಸ್ತಿನ ಆಡಳಿತ ಬೇಕು. ಇಂದಿನ ನಗರಸಭೆಗಳು ಆ ಕಾಲದ ಕಾರಭಾರಿಗಳ ಮುಂದೆ ತಲೆಬಾಗಿಸಿದರೆ ತಪ್ಪಾಗಲಿಕ್ಕಿಲ್ಲ.

ಆದರೆ ಅರಕೇರಿಯಿಂದ ನೋಡಿದರೆ ಈ ಚಿತ್ರದ ಇನ್ನೊಂದು ಮಗ್ಗುಲು ಕಾಣುವದು. ಸುರಂಗದ ನೀರು ಹಳ್ಳಿಯ ನೆಲದ ಕೆಳಗಿನಿಂದ ಹರಿದು ರಾಜಧಾನಿಗೆ ಹೋಯಿತು. ಹಳ್ಳಿಯ ಹೊಲಕ್ಕೆ ಆಕಾಶವೇ ಗತಿಯಾಗಿ ಉಳಿಯಿತು. ಮಹಮ್ಮದ ಆದಿಲಶಾಹನು ಕಟ್ಟಿಸಿದ ಮಮದಾಪುರದ ಕೆರೆಯಂಥ ಒಂದೆರಡು ದೊಡ್ಡ ಕೆಲಸಗಳು ಮಾತ್ರ ಈ ಮಾತಿಗೆ ಅಪವಾದ. ಎರಡನೆಯ ಇಬ್ರಾಹಿಮನು ೧೫೯೯ರಲ್ಲಿ ತೊರವಿಯ ಹತ್ತಿರ ನೌರಸಪುರವೆಂಬ ಹೊಸ ನಗರವನ್ನೇ ಕಟ್ಟತೊಡಗಿದನು. ಸಂಗೀತದ ಹುಚ್ಚಿದ್ದ ಆ ರಸಿಕ ದೊರೆಯು ತನ್ನ ಕಿತಾಬ-ಎ-ನೌರಸದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು, ಕಲಬುರ್ಗಿಯ ಗೇಸೂದರಾಜರನ್ನೂ ನೆನೆದನು. ಜನರು ಅವನನ್ನು ಜಗದ್ಗುರುವೆಂದು ಕರೆದರು. ಅಂಥ ಅರಸನನ್ನು ಪಡೆದ ಹೆಮ್ಮೆಯು ಕನ್ನಡನಾಡಿಗೆ ಸಲ್ಲತಕ್ಕದ್ದೇ. ಆದರೆ ಆ ನಗರವು ಇಪ್ಪತ್ತೈದು ವರುಷ ಬಾಳಲಿಲ್ಲ. ೧೬೨೪ರಲ್ಲಿ ಮಲಿಕ ಅಂಬರನು ಅದನ್ನು ಸೂರೆಮಾಡಿದನು, ಸಂಗೀತಮಹಲು ಹಾಳುಬಿದ್ದಿತು. ಅದೇ ತೊರವಿಯಲ್ಲಿ, ಆ ಅರಸನಿಗಿಂತ ಮೊದಲು, ಯಾವ ಅರಮನೆಯ ಹಂಗೂ ಇಲ್ಲದೆ ಊರ ನರಸಿಂಹನ ಹೆಸರಿನಲ್ಲಿ ಕುಮಾರವಾಲ್ಮೀಕಿಯು ರಚಿಸಿದ ತೊರವೆ ರಾಮಾಯಣವು ಇಂದಿಗೂ ಉಳಿದಿದೆ. ಅರಕೇರಿಯ ಡೊಳ್ಳಿನ ಪದಗಳೂ ಉಳಿದಿವೆ.

ರಾಜ್ಯ ಬಿದ್ದ ಮೇಲೆ ಏನಾಯಿತೆಂಬದನ್ನು ಬೇಗನೆ ಹೇಳಬಹುದು. ಮೊಗಲರು, ನಿಜಾಮರು, ಪೇಶ್ವೆಯರು, ೧೮೧೮ರ ತರುವಾಯ ಸಾತಾರೆಯ ರಾಜರು, ೧೮೪೮ರಲ್ಲಿ ಆ ಸಂಸ್ಥಾನ ಮುಗಿದ ಮೇಲೆ ಇಂಗ್ಲಿಷರು. ಹೀಗೆ ಒಡೆಯರು ಬದಲಾದರು. ಎಲ್ಲರೂ ಕಂದಾಯವನ್ನು ಎತ್ತಿದರು, ಕೊಳವೆಯ ಹೂಳನ್ನು ಯಾರೂ ಎತ್ತಲಿಲ್ಲ. ೧೭೯೧-೯೨ರಲ್ಲಿ ಬಿದ್ದ ಬರಕ್ಕೆ ಜನರು ಡೋಗಿ ಬರವೆಂದು ಹೆಸರಿಟ್ಟರು. ಸತ್ತವರನ್ನು ಮಣ್ಣು ಮಾಡುವವರಿಲ್ಲದೆ ನೆಲದ ಮೇಲೆ ತಲೆಬುರುಡೆಗಳು ಬಿದ್ದಿದ್ದವೆಂಬದೇ ಆ ಹೆಸರಿನ ಅರ್ಥ. ೧೮೭೬-೭೭ರ ಬರದಲ್ಲಿ ಇಂಗ್ಲಿಷರ ಖಾನೇಸುಮಾರಿಯೇ ಸಾಕ್ಷಿ ಹೇಳುವದು. ಆಗ ಕಲಾದಗಿ ಎಂಬ ಹೆಸರಿನಿಂದಿದ್ದ ಈ ಜಿಲ್ಹೆಯಲ್ಲಿ ೧೮೭೨ರಲ್ಲಿ ಎಂಟು ಲಕ್ಷದ ಸುಮಾರು ಇದ್ದ ಜನಸಂಖ್ಯೆಯು ೧೮೮೧ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿಯಿತು. ಐದು ಮಂದಿಯಲ್ಲಿ ಒಬ್ಬನು ಸತ್ತನು, ಇಲ್ಲವೆ ಊರು ಬಿಟ್ಟನು. ಅನಂತರ ೧೮೮೪ರಲ್ಲಿ ಹೊಟಗಿಯಿಂದ ಗದಗದ ವರೆಗೆ ಉಗಿಬಂಡಿಯ ದಾರಿಯಾಯಿತು. ೧೮೮೫ರಲ್ಲಿ ಜಿಲ್ಹೆಯ ಮುಖ್ಯಸ್ಥಳವು ಕಲಾದಗಿಯಿಂದ ವಿಜಾಪುರಕ್ಕೆ ಬಂತು. ಸುಲ್ತಾನರ ಮಹಲುಗಳಲ್ಲಿ ಕಚೇರಿಗಳು ಸೇರಿಕೊಂಡವು. ನ್ಯಾಯ ಕೊಡುತ್ತಿದ್ದ ಅದಾಲತ ಮಹಲು ಕಲೆಕ್ಟರ ಸಾಹೇಬರ ಬಂಗಲೆಯಾಯಿತು. ಸ್ಥಳವನ್ನು ಹುಡುಕುವ ಕಷ್ಟ ಅವರಿಗೆ ಬರಲಿಲ್ಲ.

ಇಂಥ ಕಾಲದಲ್ಲಿ ರಾಜ್ಯ, ಸಂಪತ್ತು, ಸಂಸ್ಕೃತಿ ಈ ಮೂರು ಬೇರೆ ಬೇರೆಯಲ್ಲವೆಂಬದನ್ನು ಬಲ್ಲ ಒಬ್ಬ ಗೃಹಸ್ಥರು ವಿಜಾಪುರದಲ್ಲಿ ವಕೀಲಿಗೆ ಕುಳಿತರು. ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ನಾವು ವಚನ ಪಿತಾಮಹರೆಂದಷ್ಟೇ ನೆನೆಯುವೆವು. ಮಠಮನೆಗಳಲ್ಲಿ ಧೂಳು ತಿನ್ನುತ್ತಿದ್ದ ತಾಳೆಗರಿಗಳನ್ನು ಕೂಡಿಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನೂ, ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನೂ ಹೊರತಂದವರು ಅವರೇ. ಆದರೆ ೧೯೧೦ರಲ್ಲಿ ಹುಟ್ಟಿದ ವಿದ್ಯಾಸಂಸ್ಥೆಯಲ್ಲಿಯೂ, ೧೯೧೨ರಲ್ಲಿ ತೆರೆದ ಸಿದ್ಧೇಶ್ವರ ಬ್ಯಾಂಕಿನಲ್ಲಿಯೂ, ಮುಂಬಯಿಯ ಕಾಯದೆ ಕೌನ್ಸಿಲಿನಲ್ಲಿಯೂ ಅವರೇ ಇದ್ದರೆಂಬದನ್ನು ಮರೆಯುವೆವು. ಸಾಹುಕಾರನ ಬಡ್ಡಿಯಲ್ಲಿ ಸಿಕ್ಕಿಬಿದ್ದವನು ವಚನವನ್ನು ಓದಲಾರನು, ಓದುಬಾರದವನು ಬಡ್ಡಿಯ ಲೆಕ್ಕವನ್ನು ತಿಳಿಯಲಾರನು ಎಂಬ ವಿವೇಕವು ಈ ಕೆಲಸಗಳ ಕೂಟದಲ್ಲಿಯೇ ಕಾಣುವದು. ಇದೇ ಜಿಲ್ಹೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಅವರ ಗೆಳೆಯರೂ ಕೂಡಿ ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕಾಗದಕ್ಕಿಳಿಸಿ ೧೯೩೧ರಲ್ಲಿ ಗರತಿಯ ಹಾಡನ್ನು ಅಚ್ಚು ಹಾಕಿಸಿದರು. ಯಾವ ಸರಕಾರದ ಇಲಾಖೆಯೂ ಇವರನ್ನು ನಿಯಮಿಸಿರಲಿಲ್ಲ.

೧೯೫೬ರ ನವೆಂಬರ ೧ರಂದು ಕರ್ನಾಟಕವು ಒಂದಾಯಿತು. ರಾಜಧಾನಿಯು ಮುಂಬಯಿಯಿಂದ ಬೆಂಗಳೂರಿಗೆ ಸರಿಯಿತು. ವಿಜಾಪುರಕ್ಕೆ ದೂರದ ಲೆಕ್ಕದಲ್ಲಿ ಹೆಚ್ಚೇನೂ ಲಾಭವಾಗಲಿಲ್ಲವೆಂದು ವಿನೋದಗಾರರು ಅನ್ನುವದುಂಟು. ಆದರೆ ದಫ್ತರವು ಈ ಬಾರಿ ನಿಜವಾಗಿ ಕೆಳಗಿಳಿಯಿತು. ೧೯೬೩ರಲ್ಲಿ ಕನ್ನಡವು ರಾಜ್ಯದ ಆಡಳಿತ ಭಾಷೆಯೆಂದು ಕಾಯದೆಯಾಯಿತು. ಈ ಶತಮಾನದ ಆರಂಭದಲ್ಲಿ ಭೂಮಿ ಎಂಬ ಯೋಜನೆಯಿಂದ ಒಕ್ಕಲಿಗನ ಉತಾರವು ಗಣಕಯಂತ್ರದಿಂದ ಕನ್ನಡದಲ್ಲಿಯೇ ಹೊರಬೀಳತೊಡಗಿತು. ಫಾರಸಿ, ಮೋಡಿ, ಇಂಗ್ಲಿಷು ಇವುಗಳನ್ನು ದಾಟಿ ನಾಲ್ಕು ನೂರೈವತ್ತು ವರುಷಗಳ ಮೇಲೆ ಅರಕೇರಿಯವನು ತನ್ನ ಹೊಲದ ಕಾಗದವನ್ನು ತಾನೇ ಓದಬಲ್ಲವನಾದನು. ಇದು ಸಣ್ಣ ಸಂಗತಿಯಲ್ಲ. ಇದರ ಸಂಭ್ರಮವನ್ನು ಯಾರೂ ಆಚರಿಸಿದಂತೆ ಕಾಣುವದಿಲ್ಲ.

ನೀರಿನ ಕಥೆ ಇಷ್ಟು ನೆಟ್ಟಗೆ ನಡೆಯಲಿಲ್ಲ. ೧೯೬೪ರ ಮೇ ೨೨ರಂದು ಶ್ರೀ ಲಾಲಬಹಾದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಆ ಅಣೆಕಟ್ಟಿನ ಲೋಕಾರ್ಪಣೆಯಾದದ್ದು ೨೦೦೬ರಲ್ಲಿ. ನಡುವೆ ನಲವತ್ತೆರಡು ವರುಷಗಳು ಸಂದವು. ಇಬ್ರಾಹಿಮನ ನೌರಸಪುರವು ಹುಟ್ಟಿ, ಮೆರೆದು, ಹಾಳಾಗುವದಕ್ಕೂ ಇಷ್ಟು ಕಾಲ ಹಿಡಿದಿರಲಿಲ್ಲ. ಬಚಾವತ ನ್ಯಾಯಮಂಡಲವು ಕೃಷ್ಣೆಯಲ್ಲಿ ನಮಗೆ ೭೦೦ ಟಿ.ಎಂ.ಸಿ. ನೀರನ್ನು ಗೊತ್ತುಪಡಿಸಿತು. ಬ್ರಿಜೇಶಕುಮಾರ ನ್ಯಾಯಮಂಡಲವು ೨೦೧೦ರಲ್ಲಿ ಅಣೆಕಟ್ಟಿನ ನೀರಿನ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಒಪ್ಪಿತು; ೨೦೧೩ರಲ್ಲಿ ಅದರ ಮುಂದಿನ ವರದಿಯೂ ಬಂತು; ಆದರೆ ಮೊಕದ್ದಮೆಯ ತಡೆಯಿಂದ ಕೇಂದ್ರದ ಅಧಿಸೂಚನೆಯು ವರುಷಗಟ್ಟಲೆ ನಿಂತುಬಿಟ್ಟಿತು. ನೀರಿಗಾಗಿ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು, ಬಾಗಲಕೋಟೆಯ ಹಳೆಯ ಊರಿನ ಒಂದು ಭಾಗವೇ ಹೋಯಿತು. ಮನೆಯನ್ನು ಬಿಟ್ಟುಕೊಟ್ಟವರ ಲೆಕ್ಕವೂ, ನೀರನ್ನು ಪಡೆದವರ ಲೆಕ್ಕವೂ ಒಂದೇ ಹಾಳೆಯ ಮೇಲೆ ಬರೆಯಲ್ಪಡಬೇಕೆಂಬದು ನಮ್ಮ ಹಳೆಯ ಆಗ್ರಹ.

ಆದರೂ ನೀರು ಬಂತು. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಗುಡ್ಡವನ್ನೇರಿ ಈ ಬಯಲಿಗೆ ಇಳಿಯಿತು. ಶತಮಾನಗಳಿಂದ ಬತ್ತುತ್ತ ತುಂಬುತ್ತ ಬಂದ ಕೆರೆಗಳನ್ನು ಕೊಳವೆಯಿಂದ ತುಂಬಿಸುವ ಪದ್ಧತಿಯು ಆರಂಭವಾಯಿತು. ಆದಿಲಶಾಹನು ಹಳ್ಳಿಯ ಕೆಳಗಿನಿಂದ ರಾಜಧಾನಿಗೆ ಒಯ್ದ ನೀರನ್ನು ಪ್ರಜಾರಾಜ್ಯವು ಹೊಳೆಯಿಂದ ಹಳ್ಳಿಗೆ ತಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಡೋಣಿಯ ದಂಡೆ ಬೆಳೆದರೆ ಓಣಿಯೆಲ್ಲ ಜೋಳವೆಂದು ಹಿರಿಯರು ಅನ್ನುತ್ತಿದ್ದರು. ಬಿಳಿಜೋಳ, ಕಡಲೆ, ತೊಗರಿ, ಕುಸುಬೆಗಳ ಈ ನಾಡಿನಲ್ಲಿ ಈಗ ತಿಕೋಟಾದ ಸುತ್ತಲೂ ದ್ರಾಕ್ಷಿಯ ಪಡಗಳೆದ್ದಿವೆ, ಹಣ್ಣನ್ನು ಒಣಗಿಸಿ ಮಣೂಕ ಮಾಡುವ ಚಪ್ಪರಗಳೆದ್ದಿವೆ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತು ದೊರೆತಿದೆ. ಇದೇ ಒಕ್ಕಲಿಗರು, ನೀರು ಬರುವ ಮೊದಲಿನ ಬರಗಾಲದಲ್ಲಿ, ಬಂಡಿಯ ನೀರನ್ನು ಸಾಲ ಮಾಡಿ ಕೊಂಡುತಂದು ಬಳ್ಳಿಗಳ ಜೀವ ಹಿಡಿದಿದ್ದರು.

ಇಷ್ಟನ್ನು ಒಪ್ಪಿಕೊಂಡ ಮೇಲೆ ನಮ್ಮ ತಕರಾರನ್ನು ಹೇಳುವದು ಧರ್ಮವಾಗುವದು. ಸುಗ್ಗಿ ಮುಗಿದ ಕೂಡಲೆ ಈ ಜಿಲ್ಹೆಯಿಂದ ಇಂದಿಗೂ ಸಂಸಾರಗಟ್ಟಲೆ ಜನರು ಗೋವೆಗೆ, ಪುಣೆಗೆ, ಮಂಗಳೂರಿಗೆ, ಪಡುವಣ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ದುಡಿಯಹೋಗುವರು. ತಾಂಡೆಗಳಲ್ಲಿ ಮುದುಕರೂ ಕೂಸುಗಳೂ ಉಳಿಯುವರು. ಕೆರೆಯಲ್ಲಿ ನೀರು ನಿಂತಿದೆ, ಆದರೆ ತೂಬಿನಿಂದ ಕಡೆಯ ಹೊಲದ ವರೆಗೆ ಕಾಲುವೆ ಇಲ್ಲದ ಊರುಗಳಿವೆ. ಕಾಲುವೆಯಿದ್ದು, ಮೇಲಿನವನು ಕಬ್ಬು ಹಚ್ಚಿದ್ದರಿಂದ ಕೆಳಗಿನವನ ಜೋಳಕ್ಕೆ ತೇವವಿಲ್ಲದ ಊರುಗಳೂ ಇವೆ. ಮಳೆಯಾಸರೆಯ ಬೇಸಾಯವನ್ನು ಶೋಧಿಸಲು ೧೯೩೦ರ ದಶಕದಲ್ಲಿಯೇ ವಿಜಾಪುರದಲ್ಲಿ ಸಂಶೋಧನ ಕೇಂದ್ರವು ಹುಟ್ಟಿತು. ಹೊಲಕ್ಕೆ ಒಡ್ಡು ಹಾಕಿ ಬಿದ್ದ ಹನಿಯನ್ನು ಬಿದ್ದಲ್ಲಿಯೇ ಹಿಡಿಯಬೇಕೆಂದು ಅಂದಿನಿಂದ ಹೇಳುತ್ತ ಬಂದಿರುವರು. ಕೊಳವೆಯ ನೀರು ಕಂಡ ಕೂಡಲೆ ಒಡ್ಡಿನ ಮಾತು ಹಿಂದೆ ಬೀಳುತ್ತಿರುವದು ನಮಗೆ ಭಯವನ್ನುಂಟುಮಾಡಿದೆ. ಏತ ನೀರಾವರಿಯು ವಿದ್ಯುತ್ತಿನ ಮೇಲೆ ನಿಂತದ್ದು. ಪಂಪು ನಿಂತ ದಿನ ಕೆರೆಯು ಮತ್ತೆ ಆಕಾಶದ ಕಡೆಗೇ ನೋಡಬೇಕು. ತೊರವಿಯ ಸುರಂಗಕ್ಕಾದರೂ ಇಳಿಜಾರಿನ ಆಸರೆಯಿತ್ತು. ಆದಾಗ್ಯೂ ನೋಡುವವರಿಲ್ಲದೆ ಅದು ಹೂಳಿನಲ್ಲಿ ಮುಚ್ಚಿಹೋಯಿತು.

ಸಂಸ್ಕೃತಿಯ ಗಡಿಯೂ ನೀರಿನ ಗಡಿಯೂ ರಾಜ್ಯದ ಗಡಿಯನ್ನು ಕೇಳಿ ನಡೆಯುವದಿಲ್ಲವೆಂಬದಕ್ಕೆ ಈ ಸೀಮೆಯೇ ಸಾಕ್ಷಿ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಸೇವೆಗೆ ನಿಂತ ಮಂಗಳವೇಢೆಯು ಇಂದು ಮಹಾರಾಷ್ಟ್ರದಲ್ಲಿದೆ. ಜತ್ತ, ಅಕ್ಕಲಕೋಟೆಗಳ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಜತ್ತ ತಾಲೂಕಿನ ಕೆಲವು ಹಳ್ಳಿಗಳವರು ನೀರಿನ ಬವಣೆಗೆ ಬೇಸತ್ತು ಕರ್ನಾಟಕವನ್ನು ಸೇರುವೆವೆಂದು ಹಿಂದೆ ಠರಾವು ಮಾಡಿದ್ದ ಸಂಗತಿಯು ೨೦೨೨ರ ಕೊನೆಯಲ್ಲಿ ಎದ್ದು ಎರಡು ರಾಜ್ಯಗಳಲ್ಲಿಯೂ ಗದ್ದಲವನ್ನುಂಟುಮಾಡಿತು. ಆ ಕಾಲಕ್ಕೆ ತುಬಚಿ-ಬಬಲೇಶ್ವರ ಯೋಜನೆಯ ನೀರು ಗಡಿಯನ್ನು ದಾಟಿ ಅತ್ತ ಹರಿಯಿತು. ಗದ್ದಲ ಮಾಡಿದವರ ಭಾಷಣಗಳಿಗಿಂತ ಆ ನೀರೇ ಕನ್ನಡದ ಪರವಾಗಿ ಹೆಚ್ಚು ಮಾತನಾಡಿತೆಂದು ನಮ್ಮ ಅಭಿಪ್ರಾಯ. ತಾಯಿನುಡಿಯ ಅಭಿಮಾನವನ್ನು ಧ್ವಜದ ಉದ್ದದಿಂದ ಅಳೆಯುವವರು ಇದನ್ನು ಸ್ವಲ್ಪ ಯೋಚಿಸಲಿ. ಆದರೆ ಗಡಿಯಾಚೆಗೆ ನೀರು ಕೊಡುವ ದೊಡ್ಡಸ್ತಿಕೆಯನ್ನು ತೋರುವ ಸರಕಾರವು ಗಡಿಯೀಚೆಯ ಕಡೆಯ ಹೊಲವನ್ನೂ ಮುಟ್ಟಿಸಬೇಕಷ್ಟೆ.

ಕಳೆದ ದಶಕದಲ್ಲಿ ತಾಜ ಬಾವಡಿಯ ಹೂಳನ್ನೆತ್ತಿ, ಆ ಪ್ರಾಚೀನ ಬಾವಡಿಯು ಮತ್ತೆ ಬಾವಡಿಯಂತೆ ಕಂಡಾಗ ಊರ ಜನರು ಗುಂಪುಗೂಡಿ ನೋಡಹೋದರು. ಅಂಥ ಉತ್ಸಾಹವು ಒಂದು ಬೇಸಗೆಗೆ ಬಂದು ಹೋಗತಕ್ಕದ್ದಲ್ಲ. ತೊರವಿಯಲ್ಲಿ ಈಗ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿನಿಯರು ಸುತ್ತಲಿನ ಸುರಂಗ, ಕೆರೆ, ಬಾವಡಿಗಳನ್ನು ಅಳೆದು, ಎಲ್ಲಿ ಹೂಳಿದೆ, ಎಲ್ಲಿ ಒತ್ತುವರಿಯಾಗಿದೆ ಎಂಬದನ್ನು ಕನ್ನಡದಲ್ಲಿ ಬರೆದಿಟ್ಟರೆ ಅದು ಯಾವ ಪರೀಕ್ಷೆಗೂ ಕಡಿಮೆಯಾದ ವಿದ್ಯೆಯಾಗಲಿಕ್ಕಿಲ್ಲ.

ಅಧಿಕಾರಿ ವರ್ಗಕ್ಕೆ ನಮ್ಮ ಬಿನ್ನಹವು ಇದಕ್ಕಿಂತಲೂ ಸರಳವಾದದ್ದು. ಉತಾರವನ್ನು ಕನ್ನಡದಲ್ಲಿ ಕೊಟ್ಟ ಸರಕಾರಕ್ಕೆ ನೀರಿನ ಲೆಕ್ಕವನ್ನು ಕನ್ನಡದಲ್ಲಿ ಕೊಡುವದು ಅಸಾಧ್ಯವೇನಲ್ಲ. ಕೆರೆಗೆ ಯಾವ ತಾರೀಖಿನಂದು ಎಷ್ಟು ನೀರು ಬಂತು, ತೂಬನ್ನು ಎಷ್ಟು ದಿನ ತೆರೆದರು, ಯಾವ ಹೊಲದ ವರೆಗೆ ಹರಿಯಿತು, ಹೂಳೆತ್ತುವದಕ್ಕೆ ಎಷ್ಟು ರೂಪಾಯಿ ವೆಚ್ಚವಾಯಿತು, ಅದನ್ನು ಯಾರು ತೆಗೆದುಕೊಂಡರು: ಇಷ್ಟನ್ನು ಪ್ರತಿಯೊಂದು ಗ್ರಾಮಪಂಚಾಯತಿಯ ಗೋಡೆಯ ಮೇಲೆ, ಓದಬರುವ ದೊಡ್ಡ ಅಕ್ಷರಗಳಲ್ಲಿ, ತಿಂಗಳಿಗೊಮ್ಮೆ ಬರೆಯಿಸಬೇಕು. ಇದಕ್ಕೆ ಹೊಸ ಕಾಯದೆ ಬೇಡ, ಹೊಸ ಇಲಾಖೆ ಬೇಡ. ಸುಣ್ಣವೂ ಕಾವಿಯೂ ಒಬ್ಬ ಬರೆಯುವವನೂ ಸಾಕು. ಬರುವ ಹಿಂಗಾರಿಯ ಬಿತ್ತಿಗೆಗೆ ಮುಂಚೆ ಜಿಲ್ಹಾಧಿಕಾರಿಗಳು ಈ ಒಂದು ಆಜ್ಞೆಯನ್ನು ಹೊರಡಿಸಲಿ. ಮೊದಲನೆಯ ಗೋಡೆಯು ಅರಕೇರಿಯದಾಗಲಿ.